ರಾವಸಾಹೇಬ ಕಾಕಾನ ಬಾಂದುಕಲ್ಲು

ಅಂಟಾರ್ಕ್ಟಿಕಾದ ಬಂಡೆಗಳ ನಕ್ಷೆ ಬರೆದು, ಆ ನೆಲ ಒಂದು ಕಾಲಕ್ಕೆ ನಮ್ಮ ನೆಲಕ್ಕೇ ಅಂಟಿಕೊಂಡಿತ್ತೆಂಬ ಪುರಾವೆ ಹೊತ್ತು ನಮ್ಮೂರು ತುಕ್ಕಾನಟ್ಟಿಗೆ ಬಂದ ನನಗೆ ರಾವಸಾಹೇಬ ಕಾಕಾ ಸಾಲಿಯ ಮಕ್ಕಳ ಮುಂದೆ ಶಾಲು ಹೊದಿಸಿ, ಖಂಡಗಳು ಸರಿಯುವ ಬಗ್ಗೆ ಭಾಷಣ ಮಾಡಿಸಿದ. ಶಾಲು ಪುಕ್ಕಟೆಯದಲ್ಲವೆಂದು ಮರುದಿನ ತಿಳಿಯಿತು. ನನ್ನನ್ನು ಹೊಲಕ್ಕೆ ಕರೆದೊಯ್ದು, ಬಾಜೂ ಹೊಲದ ತನ್ನ ತಮ್ಮ ಭೀಮಶಿಯನ್ನೂ ಕರೆಸಿ, ಇಬ್ಬರ ನಡುವಿನ ಬಾಂದುಕಲ್ಲು ತೋರಿಸಿದ. ಅದಕ್ಕೆ ಕುಂಕುಮ ಬಳಿದು, ಕಾಯಿ ಒಡೆದು, ಆಗಲೇ ದೇವರು ಮಾಡಿಬಿಟ್ಟಿದ್ದ.

"ಸರಿತಾ, ನೀ ಕೋಟಿ ವರ್ಷದ ಹಿಂದಿಂದು ಹೇಳಾಕಿ. ಈ ಕಲ್ಲು ನಮ್ಮ ಮುತ್ಯಾನ ಕಾಲದಿಂದ ಇಲ್ಲೇ ಐತಿ ಅಂತ ಇವಗ ಹೇಳವಾ."

ರೂಢಿಯಂತೆ ಬಗ್ಗಿ ನೋಡಿದೆ. ಕಲ್ಲಿನಡಿ ಈ ಸಲದ ಗೊಂಜಾಳ ಬೆಳೆಯ ಹಸಿ ದಂಟು ಸಿಕ್ಕಿಕೊಂಡಿತ್ತು. ನಾಲ್ಕು ಹೆಜ್ಜೆ ಈಚೆ, ಕಾಕಾನ ಹೊಲದ ಕಡೆ, ಕಲ್ಲು ಕಿತ್ತ ಕುಣಿ ಇನ್ನೂ ಬಾಯಿ ತೆರೆದಿತ್ತು.

"ಕಾಕಾ, ಕಲ್ಲು ಭೀಮಶಿ ಕಾಕಾನ ಹೊಲದಾಗ ಸರದೈತ್ರಿ."

ಕಾಕಾ ಅಳುಕಲಿಲ್ಲ. "ಖಂಡಾನ ಸರೀತಾವ ಅಂತ ನಿನ್ನಿ ನೀನ ಹೇಳಿದೆಲ್ಲ?"

"ಖಂಡ ವರ್ಷಕ್ಕ ಎರಡು ಬೆರಳು ಸರೀತೈತ್ರಿ. ಇದು ಒಂದ ಮಳಿಗಾಲದಾಗ ನಾಕ ಹೆಜ್ಜಿ ಹೋಗೈತಿ!"

"ದೇವರಲ್ಲೇನವಾ? ಲಗೂನ ನಡೀತೈತಿ," ಎಂದು ಕಾಕಾ ಕಲ್ಲಿಗೆ ಭಕ್ತಿಯಿಂದ ಕೈಮುಗಿದ.