ತೊಳೆಯಬಾರದ ಕಲ್ಲು

ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ನೆಲ ಒರೆಸಿದ ಫಿನಾಯಿಲಕ್ಕನಿಗೆ ಸುಮ್ಮನೆ ಕೂರುವುದೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವೂ ಬರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಅವಳಿಗಿಂತ ಮೊದಲು ಅವಳ ಬಕೆಟ್ಟಿನ ವಾಸನೆ ವಾರ್ಡಿಗೆ ಬರುತ್ತಿದ್ದುದರಿಂದ ರೋಗಿಗಳು ಇಟ್ಟ ಹೆಸರೇ ಗಟ್ಟಿಯಾಯಿತು. ಒಂದು ದಿನ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಬೆನ್ನುಮೂಳೆಗೆ ಆಪರೇಷನ್ ಆಯಿತು. ತಾನೇ ಒರೆಸಿದ ನೆಲ, ಯಾರನ್ನು ಬೈಯುವುದು? ಇನ್ನು ಬಗ್ಗಬಾರದು, ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ಭಾರವಾದದ್ದನ್ನು ಎತ್ತಬಾರದು ಎಂದು ಹೇಳಿ ಡಾಕ್ಟರು ಅವಳನ್ನು ತಮ್ಮನ ಮನೆಗೆ ಕಳಿಸಿದರು.

ತಮ್ಮನೂ ಅವನ ಹೆಂಡತಿಯೂ ಒಳ್ಳೆಯವರೇ. ತೊಂದರೆ ಇದ್ದದ್ದೇ ಅಲ್ಲಿ. ಪೊರಕೆಗೆ ಕೈ ಹಾಕಿದರೆ, "ಅತ್ತಿಗೆ, ನೀವು ಕೂತ್ಕೊಳ್ಳಿ." ತಟ್ಟೆ ತೆಗೆಯಲು ಹೋದರೆ, "ಅಯ್ಯೋ, ಬಿಡಿ ಅತ್ತಿಗೆ, ಕೂತ್ಕೊಳ್ಳಿ." ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಕೂತು ಅವಳಿಗೆ ತಾನೂ ಮನೆಯ ಒಂದು ಸಾಮಾನು ಅನ್ನಿಸತೊಡಗಿತ್ತು, ಅದೂ ಧೂಳು ಒರೆಸಬೇಕಾದ ಸಾಮಾನು. ಈ ಮನೆಯಲ್ಲಿ ತನ್ನಿಂದಲೇ ಆಗಬೇಕಾದ ಕೆಲಸ ಒಂದಾದರೂ ಇರಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಆಸ್ಪತ್ರೆಯ ಬಸ್‌ಸ್ಟಾಪಿನ ಹಿಂದೆ ಬಣ್ಣದ ಮೀನು ಮಾರುವವನ ಅಂಗಡಿಯಿತ್ತು. ಚೆಕಪ್ಪಿಗೆ ಹೋದಾಗ ಬಸ್ಸು ಬರುವವರೆಗೆ ಅವಳು ಅಲ್ಲಿ ನಿಲ್ಲುತ್ತಿದ್ದಳು. ಅಂಗಡಿಯ ಮೂಲೆಯಲ್ಲಿ ಬರೀ ಕಲ್ಲು ತುಂಬಿದ ಬುಟ್ಟಿಯೊಂದರಲ್ಲಿ ಪುದೀನ ಪೊದೆಯಂತೆ ಬೆಳೆದಿತ್ತು. ಮಣ್ಣಿಲ್ಲ, ಗೊಬ್ಬರವಿಲ್ಲ. ಕೆಳಗಿನ ತೊಟ್ಟಿಯಿಂದ ಮೀನಿನ ನೀರು ಮೇಲೇರಿ, ಕಲ್ಲಿನ ನಡುವೆ ಇಳಿದು, ಮತ್ತೆ ತೊಟ್ಟಿಗೇ ಬೀಳುತ್ತಿತ್ತು.

"ಮೀನಿನ ಗಲೀಜು ಗಿಡಕ್ಕೆ ಊಟ, ಗಿಡ ಸೋಸಿದ ನೀರು ಮೀನಿಗೆ. ನಾವು ಬಗ್ಗೋದೂ ಬೇಡ, ಅಗೆಯೋದೂ ಬೇಡ ಅಮ್ಮ," ಎಂದ ಅವನು.

ಬಗ್ಗೋದು ಬೇಡ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳಿಗೆ ಬಸ್ಸು ಹೋದದ್ದೂ ತಿಳಿಯಲಿಲ್ಲ.

ಕೈಯಲ್ಲಿದ್ದುದು ಪುಡಿಗಾಸು. ಹೊಸದಾಗಿ ಏನನ್ನೂ ಕೊಳ್ಳುವಂತಿರಲಿಲ್ಲ. ಬೀದಿಗೆ ಬರುವ ಗುಜರಿಯವನಿಂದ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮು ಸಿಕ್ಕಿತು. ಅವನ ಗಾಡಿಯಲ್ಲೇ ರೋಗಿಗಳನ್ನು ತಳ್ಳುವ ಹಳೇ ಟ್ರಾಲಿಯೊಂದು ಕಾಲು ಮೇಲೆ ಮಾಡಿ ಮಲಗಿತ್ತು. ಅದರ ಒಂದು ಗಾಲಿ ಕೀರೆಂದ ತಕ್ಷಣ ಅವಳಿಗೆ ಗುರುತು ಹತ್ತಿತು. ಎಷ್ಟು ಸಲ ತಳ್ಳಿದ್ದಳೋ ಅದನ್ನು! ಬಗ್ಗದೆ ಕೆಲಸ ಮಾಡಲೆಂದೇ ಮಾಡಿದ ಎತ್ತರ ಅದರದು. ತಮ್ಮ ಕೆಟ್ಟ ಕೂಲರಿನ ಪಂಪು ಬಿಚ್ಚಿ ರಿಪೇರಿ ಮಾಡಿ ಕೊಟ್ಟ. ಪಕ್ಕದ ಮನೆಯವರ ಮಗು ಬೆಳೆದು ಬೇಡವಾದ ಸ್ನಾನದ ಟಬ್ಬು ಟ್ರಾಲಿಯ ಮೇಲೆ ಕೂತಿತು, ಡ್ರಮ್ಮು ಅದರ ಕೆಳಗೆ.

ಬಾಲ್ಕನಿಯ ಈ ಸಂಸಾರ ನೋಡಿ ತಮ್ಮನ ಹೆಂಡತಿ ಮೂಗು ಮುರಿದಳು. "ಬಟ್ಟೆ ಒಣಗಿಸೋಕೆ ಇರೋದು ಇದೊಂದೇ ಜಾಗ ಅತ್ತಿಗೆ. ನಿಮ್ಮ ಬೆನ್ನು ಬೇರೆ ಹೀಗಿದೆ. ಬರೋ ತಿಂಗಳ ಕೊನೇವರೆಗೂ ನೋಡೋಣ. ಒಂದು ಹಿಡಿ ಸೊಪ್ಪಾದ್ರೂ ಬರಲಿಲ್ಲಾಂದ್ರೆ ಎಲ್ಲಾ ಗುಜರಿಯವನಿಗೇ ವಾಪಸ್. ನೀವು ಆರಾಮಾಗಿ ಕೂತ್ಕೊಳ್ಳಿ."

"ಆಗಲಿ," ಎಂದಳು ಫಿನಾಯಿಲಕ್ಕ. ಹೇಳಿದವಳ ಕಣ್ಣು ಮಾತ್ರ ಕಿಟಕಿ ಪಕ್ಕದ ಆ ಕುರ್ಚಿಯ ಕಡೆಗೇ ಹೋಯಿತು.

ಡ್ರಮ್ಮಿಗೆ ಎಂಬತ್ತು ಲೀಟರ್ ನೀರು ಹಿಡಿಯುತ್ತಿತ್ತು. ಅವಳ ಕೈಗೆ ಒಂದೇ ಲೀಟರಿನ ಪರವಾನಗಿ. ಹನಿ ಹನಿ ಕೂಡಿದರೆ ಹಳ್ಳ ತಾನೇ? ಚೊಂಬು ಹಿಡಿದು ನಲ್ಲಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ನಲ್ಲಿಗೆ ಎಂಬತ್ತು ಸಲ ನಡೆದಳು. ಚೊಂಬಿನ ನೀರನ್ನು ಬಗ್ಗದೆ, ನಿಂತಲ್ಲಿಂದಲೇ, ಡ್ರಮ್ಮಿಗೆ ಇಳಿಬಿಟ್ಟ ಪೈಪಿನ ಬಾಯಿಗೆ ಸುರಿದಳು. ಎರಡು ದಿನ ಹಿಡಿಯಿತು. ದಿನಾ ನಡೆಯಿರಿ ಎಂದು ಡಾಕ್ಟರು ಬಡಕೊಂಡರೂ ಅಲ್ಲಾಡದವಳು ಯಾರ ಮಾತೂ ಇಲ್ಲದೆ ಮೈಲಿಗಟ್ಟಲೆ ನಡೆದುಬಿಟ್ಟಿದ್ದಳು. ನೀರು ಒಂದು ದಿನ ಹಾಗೇ ನಿಂತ ಮೇಲೆ ಮೀನಿನ ಅಂಗಡಿಯಿಂದ, ಬಣ್ಣ ಸಾಲದೆ ಯಾರೂ ಕೊಳ್ಳದಿದ್ದ ಏಳು ಬೂದು ಮೀನುಗಳು ಬಂದವು. ಬಾಯಿ ತೆರೆದು ಅಲುಗದೆ ನಿಲ್ಲುವ ಮೀನಿಗೆ ದೊಡ್ಡ ಡಾಕ್ಟರು ಎಂದು ಹೆಸರಾಯಿತು. ಎಲ್ಲರನ್ನೂ ಅಟ್ಟಿಸಿಕೊಂಡು ಹೋಗುವುದು ಹೆಡ್ ನರ್ಸು. ಮೇಲಿನ ಟಬ್ಬಿಗೆ ಸಣ್ಣ ಕಲ್ಲು ತುಂಬಿ, ಅದರ ನಡುವೆ ಪುದೀನದ ಕಡ್ಡಿ ನೆಟ್ಟಾಯಿತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎಂಟನೇ ದಿನ ಕಲ್ಲು ಮುಟ್ಟಿದರೆ ಲೋಳೆ ಲೋಳೆ!

ಫಿನಾಯಿಲಕ್ಕನ ರಕ್ತ ಕುದಿಯಿತು. ತನ್ನ ವಾರ್ಡಿನಲ್ಲಿ ಲೋಳೆಯೇ? ಚೊಂಬು ಚೊಂಬಾಗಿ ಅಷ್ಟೂ ಕಲ್ಲನ್ನು ಅಡುಗೆಮನೆಯ ಸಿಂಕಿಗೆ ಸಾಗಿಸಿ, ಬಿಸಿನೀರು ಸುರಿದು, ಬ್ರಷ್ಷಿನಿಂದ ತಿಕ್ಕಿ, ಲಕಲಕ ಹೊಳೆಯುವಂತೆ ಮಾಡಿ ವಾಪಸ್ಸು ತುಂಬಿದಳು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಲ್ಲುಗಳು ಹೊಳೆದಷ್ಟೂ ಪುದೀನ ಹಳದಿಯಾಯಿತು. ಕೊನೆಗೊಂದು ಬೆಳಿಗ್ಗೆ ದೊಡ್ಡ ಡಾಕ್ಟರು ನೀರಿನ ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ಬಾಯಿ ಬಿಡುತ್ತಿತ್ತು.

ಅವಳು ಬಾಟಲಿಗೆ ತೊಟ್ಟಿಯ ನೀರು ತುಂಬಿ, ಆಸ್ಪತ್ರೆಯ ಪದ್ಧತಿಯಂತೆ ಚೀಟಿ ಅಂಟಿಸಿ, ತಾರೀಖು, ವೇಳೆ, ರೋಗಿಯ ಹೆಸರು 'ದೊಡ್ಡ ಡಾಕ್ಟರು' ಎಂದೆಲ್ಲ ಬರೆದು, ಜೊತೆಗೆ ಒಂದು ಹಿಡಿ ಕಲ್ಲನ್ನೂ ಕಟ್ಟಿಕೊಂಡು ಬಸ್ಸು ಹತ್ತಿದಳು.

ಮೀನು ಮಾರುವವನು ಚೀಟಿ ಓದಿ ನಗು ತಡೆದುಕೊಂಡ. ಕಲ್ಲು ಸವರಿ ನೋಡಿದವನ ನಗು ನಿಂತಿತು. "ಇದನ್ನ ಯಾರಮ್ಮ ತೊಳೆದಿದ್ದು?"

"ನಾನೇ! ವಾರಕ್ಕೊಂದ್ಸಲ, ಬಿಸಿನೀರಲ್ಲಿ. ಕಣ್ಣಿಗೆ ಹೇಗೆ ಕಾಣ್ತಿದೆ ನೋಡಿ."

"ಅಯ್ಯೋ ತಾಯಿ, ಆ ಲೋಳೆ ಕೊಳೆಯಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರ್ತವೆ. ಮೀನಿನ ಗಲೀಜನ್ನ ಗಿಡಕ್ಕೆ ಊಟ ಮಾಡಿ ಬಡಿಸೋರೇ ಅವರು. ನೀವು ವಾರವಾರ ಅಡುಗೆಯವರನ್ನೇ ಬಿಸಿನೀರು ಹುಯ್ದು ಹೊರಗೆ ಹಾಕಿದೀರಿ."

"ಜೀವ ಅಂದ್ರೆ... ಕ್ರಿಮಿಗಳಾ?"

"ಕ್ರಿಮಿಗಳೇ ಅಂದ್ಕೊಳ್ಳಿ."

ಜೀವಮಾನವಿಡೀ ಕ್ರಿಮಿ ಕೊಂದವಳಿಗೆ ಈಗ ಕ್ರಿಮಿ ಸಾಕುವ ಕೆಲಸ! ಅವನು ತನ್ನ ಬುಟ್ಟಿಯಿಂದ ಎರಡು ಹಿಡಿ ಲೋಳೆಗಲ್ಲು ತೆಗೆದು ಕವರಿನಲ್ಲಿ ಹಾಕಿಕೊಟ್ಟ. "ನಾಲ್ಕು ದಿನ ಮೀನಿಗೆ ಮೇವು ಕಮ್ಮಿ ಮಾಡಿ. ಅರ್ಧ ನೀರು ಬದಲಾಯಿಸಿ, ಹಿಂದಿನ ದಿನ ಹಿಡಿದಿಟ್ಟಿದ್ದಾಗಿರಲಿ. ಕಲ್ಲಿನ ತಂಟೆಗೆ ಮಾತ್ರ ಹೋಗಬೇಡಿ," ಎಂದ. ಪಕ್ಕದ ಮನೆಯಲ್ಲಿ ಹಿಡಿದಿಟ್ಟಿದ್ದ ನೀರನ್ನೇ ಕಡ ಕೇಳಿ, ಆ ಸಂಜೆ ಮತ್ತೆ ಚೊಂಬಿನ ಮೇಲೆ ಚೊಂಬು ಸುರಿದಳು. ದೊಡ್ಡ ಡಾಕ್ಟರು ಮೂರನೇ ದಿನ ತೊಟ್ಟಿಯ ತಳಕ್ಕಿಳಿದು ತನ್ನ ಜಾಗದಲ್ಲಿ ನಿಂತಿತು.

ತೊಳೆಯದೆ ಇರುವುದು ಎಷ್ಟು ಕಷ್ಟದ ಕೆಲಸವೆಂದು ಅವಳಿಗೆ ಆ ದಿನಗಳಲ್ಲಿ ಗೊತ್ತಾಯಿತು. ಕಲ್ಲಿನ ಮೇಲೆ ಲೋಳೆ ಕಟ್ಟಿದಷ್ಟೂ ಕೈ ನವೆಯುತ್ತಿತ್ತು. ಬ್ರಷ್ಷನ್ನು ತಮ್ಮನ ಕೈಗೆ ಕೊಟ್ಟು, "ಕೇಳಿದ್ರೂ ಕೊಡಬೇಡ ಕಣೋ," ಎಂದಳು.

ಒಂದು ಬೆಳಿಗ್ಗೆ ಚೆಕಪ್ ಮುಗಿಸಿ ಬಂದರೆ ಬಾಲ್ಕನಿಯಲ್ಲಿ ತಮ್ಮನ ಹೆಂಡತಿ ಸೆರಗು ಸಿಕ್ಕಿಸಿ ನಿಂತಿದ್ದಾಳೆ, ಪಕ್ಕದಲ್ಲಿ ಹಬೆಯಾಡುವ ಬಕೆಟ್ಟು, ಕೈಯಲ್ಲಿ ಮೊದಲನೇ ಕಲ್ಲು. "ಎಷ್ಟು ಗಲೀಜಾಗಿದೆ ಅತ್ತಿಗೆ! ನಿಮಗೆ ಆಗ್ತಿಲ್ಲ ಅಂತ ಹೇಳೋದಲ್ವಾ? ನಾನು ತೊಳೆದುಕೊಡ್ತೀನಿ, ನೀವು ಕೂತ್ಕೊ..."

"ಮುಟ್ಟಬೇಡ!"

ಆ ಮನೆಯಲ್ಲಿ ಅವಳ ದನಿ ಅಷ್ಟು ಜೋರಾಗಿ ಎಂದೂ ಕೇಳಿರಲಿಲ್ಲ. ಕಲ್ಲು ಕೈಜಾರಿ ಟಬ್ಬಿಗೇ ಬಿತ್ತು.

"ಇದು ನನ್ನ ಕೆಲಸ," ಎಂದಳು ಫಿನಾಯಿಲಕ್ಕ. "ಅದನ್ನ ತೊಳೀದೆ ಕಾಯೋದೇ ನನ್ನ ಕೆಲಸ. ಇದೊಂದನ್ನಾದ್ರೂ ನನಗೆ ಬಿಡು ಮಾರಾಯ್ತಿ. ಕೂತ್ಕೊಳ್ಳಿ ಕೂತ್ಕೊಳ್ಳಿ ಅಂತ ಕೇಳಿ ಕೇಳಿ ನನ್ನ ಬೆನ್ನಿಗಿಂತ ಮನಸ್ಸೇ ಜಾಸ್ತಿ ನೋಯ್ತಿದೆ."

ತಮ್ಮನ ಹೆಂಡತಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಆ ಬಿಸಿನೀರಿನಲ್ಲಿ ಅವಳು ಅಡುಗೆಮನೆಯ ನೆಲವನ್ನು ಎರಡೆರಡು ಸಲ ಒರೆಸಿದ ಸದ್ದು ಕೇಳಿಸುತ್ತಿತ್ತು.

ಗಡುವಿನ ದಿನ ಬಂತು. ಪುದೀನದ ತುದಿಯಲ್ಲಿ ಹಸಿರು ಮೂಡಿತ್ತು ನಿಜ, ಆದರೆ ಎಲೆ ಉಗುರಿನಷ್ಟು. ಹಿಡಿಯಲ್ಲ, ಚಿಟಿಕೆಯೂ ಆಗದು. ಹತ್ತು ಗಂಟೆಗೆ ಸರಿಯಾಗಿ ಬೀದಿಯಲ್ಲಿ ಗುಜರಿಯವನ ಕೂಗು ಕೇಳಿಸಿತು. ತಮ್ಮನ ಹೆಂಡತಿ ಧಡಧಡ ಮೆಟ್ಟಿಲಿಳಿದಳು. ಫಿನಾಯಿಲಕ್ಕ ಟ್ರಾಲಿಯ ಕಂಬಿ ಹಿಡಿದು ನಿಂತಳು.

ಕೆಳಗಿನಿಂದ ಮಾತು ಕೇಳಿಸಿತು. "ಹಳೇ ಪೇಪರ್ ಮಾತ್ರ ತಗೋ. ಡ್ರಮ್ಮಾ? ಯಾವ ಡ್ರಮ್ಮಪ್ಪ? ಅದರಲ್ಲಿ ಮೀನಿದಾವೆ, ಮುಂದೆ ಹೋಗು."

ಆಮೇಲೆ ಮೂರು ವಾರ ಯಾರೂ ಆ ಮಾತು ಎತ್ತಲಿಲ್ಲ. ಒಣಹಾಕಿದ ಬಟ್ಟೆ ಮಾತ್ರ ತಾನಾಗಿ ಬಾಲ್ಕನಿಯ ಒಂದು ಬದಿಗೆ ಸರಿದು ಪುದೀನಕ್ಕೆ ಬಿಸಿಲು ಬಿಟ್ಟುಕೊಟ್ಟಿತು. ಪುದೀನ ಟಬ್ಬಿನಂಚು ದಾಟಿ ಕೆಳಗೆ ಇಣುಕತೊಡಗಿತು.

ಆ ದಿನ ಫಿನಾಯಿಲಕ್ಕ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು.

"ಅತ್ತಿಗೆ!" ತಮ್ಮನ ಹೆಂಡತಿಯ ಕೂಗು ಬಂತು. "ಅದೆಷ್ಟು ಹೊತ್ತು ಕೂತಿರ್ತೀರಿ? ಎದ್ದು ಬನ್ನಿ ಬೇಗ! ಪಲಾವ್ ಒಲೆ ಮೇಲಿಟ್ಟಿದೀನಿ, ಒಂದು ಹಿಡಿ ಪುದೀನ ಬೇಕು!"

ಅವಳು ಕುರ್ಚಿಯ ತೋಳು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಎದ್ದಳು. ಆಸ್ಪತ್ರೆಯವರು ಕೆಲಸ ಬಿಡುವಾಗ ಕೊಟ್ಟಿದ್ದ ಬ್ಯಾಂಡೇಜು ಕತ್ತರಿ ತೆಗೆದುಕೊಂಡಳು.

"ಬಂದೆ ತಡಿಯೇ," ಎಂದು ಬಾಲ್ಕನಿಯಿಂದಲೇ ಗದರಿದಳು. "ಕೆಲಸದವರನ್ನ ಹೀಗೆ ಅವಸರ ಮಾಡಬಾರದು."