ಕ ಅಕ್ಷರದ ಸುತ್ತು

ನನ್ನ ಹೆಂಡತಿ ನೊರೀನ್ ಮತ್ತು ಅವಳ ಅಣ್ಣ ಕ್ಲೆಮ್ ಮಾತು ಬಿಟ್ಟದ್ದು ಮೆಲ್ಬರ್ನ್ ಪಟ್ಟಣದ ದೆಸೆಯಿಂದ. ಅಣ್ಣ ತಂಗಿ ಇಬ್ಬರೂ ಆ ಊರಿಗೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಯಾರದೋ ಮದುವೆಗೆ.

ನಮ್ಮ ವಿರ್ರಬಿಲ್ಲ ಊರಿನ, ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನಲ್ಲಿ ಶುಕ್ರವಾರ ಸಂಜೆ ಕ್ವಿಜ್ ನಡೆಸುವವಳು ನೊರೀನ್. ಸುತ್ತಲಿನ ಕುರಿ ಫಾರಮ್ಮುಗಳಿಂದ ಜನ ಕೆಸರು ಬೂಟಿನಲ್ಲೇ ಬರುತ್ತಾರೆ. ಗೆದ್ದ ಮೇಜಿನ ತಂಡಕ್ಕೆ ಕಟುಕರ ಅಂಗಡಿಯಿಂದ ಒಂದು ದೊಡ್ಡ ತಟ್ಟೆ ಮಾಂಸ. ಕೊನೆಯ ಸುತ್ತು ಅವಳ ಹೆಮ್ಮೆ. ಅದರ ಉತ್ತರಗಳೆಲ್ಲ ಒಂದೇ ಅಕ್ಷರದಿಂದ ಶುರುವಾಗಬೇಕು. ವಾರವಿಡೀ ಅಡುಗೆಮನೆಯ ಮೇಜಿನ ಮೇಲೆ ಅಟ್ಲಾಸು, ವಿಶ್ವಕೋಶ ಹರಡಿಕೊಂಡು ಅದನ್ನು ಹೊಸೆಯುತ್ತಾಳೆ. ಆ ಶುಕ್ರವಾರ ಮ ಅಕ್ಷರದ ಸುತ್ತು. ದೇಶದಲ್ಲೇ ಅತಿ ಹೆಚ್ಚು ಜನರಿರುವ ನಗರ ಯಾವುದು ಎಂದು ಕೇಳಿದಳು. ಕ್ಲೆಮ್ ಸಿಡ್ನಿ ಎಂದು ಬರೆದ.

"ಸುತ್ತು ಮ ಅಕ್ಷರದ್ದು ಅಂತ ಮೊದಲೇ ಹೇಳಿದ್ದೆ. ಸಿಡ್ನಿ ಯಾವಾಗಿಂದ ಮ ಆಯ್ತು?" ಎಂದಳು ಮೈಕಿನಲ್ಲಿ.

"ನಿನ್ನ ಅಕ್ಷರಕ್ಕೆ ಬೇಕು ಅಂತ ಜನ ಊರು ಬಿಡಲ್ಲ ಕಣೆ. ಪ್ರಶ್ನೆಯೇ ತಪ್ಪು."

"ಹೊಸ ಲೆಕ್ಕದಲ್ಲಿ ಮೆಲ್ಬರ್ನೇ ದೊಡ್ಡದು."

"ಪಕ್ಕದ ಊರನ್ನೂ ಒಳಗೆ ಎಳ್ಕೊಂಡು ದೊಡ್ಡದಾಗಿರೋದು ಅದು! ಹಾಗಾದ್ರೆ ಡಬ್ಬೋ ಊರನ್ನ ನಮಗೆ ಸೇರಿಸು, ನಾವೂ ಮಹಾನಗರ ಆಗ್ತೀವಿ."

ಕ್ಲಬ್ಬೆಲ್ಲ ನಕ್ಕಿತು. ನೊರೀನ್ ನಗಲಿಲ್ಲ. ಕ್ಲೆಮ್‌ನ ಮೇಜು ಒಂದೇ ಅಂಕದಲ್ಲಿ ಸೋತಿತು. ಅವನು ಟೋಪಿ ಹಾಕಿಕೊಂಡು ಅರ್ಧ ಗ್ಲಾಸು ಬಿಯರನ್ನು ಹಾಗೇ ಬಿಟ್ಟು ಹೊರಟುಹೋದ. ಮತ್ತೆ ಬರಲಿಲ್ಲ. ಮದುವೆಯಾಗದೆ ಒಂಟಿಯಾಗಿ, ನಮ್ಮ ಜಮೀನಿಗೆ ಅಂಟಿಕೊಂಡಂತೆಯೇ ತೊರೆಯ ಆಚೆ ಕುರಿ ಸಾಕಿಕೊಂಡಿದ್ದವನು. ಭಾನುವಾರದ ಊಟಕ್ಕೆ ನಮ್ಮಲ್ಲಿಗೆ ತಪ್ಪದೆ ಬರುತ್ತಿದ್ದವನು. ಅದನ್ನೂ ಬಿಟ್ಟ. "ಬರ್ತಾನೆ ಬಿಡು, ಹಸಿವಾದ್ರೆ" ಎಂದು ನೊರೀನ್ ಅನ್ನುತ್ತಿದ್ದಳು. ಬೇಸಿಗೆ ಹೋಗಿ ಚಳಿ ಬಂದರೂ ಅವನು ಬರಲಿಲ್ಲ, ಇವಳೂ ಕರೆಯಲಿಲ್ಲ.

ಆ ಚಳಿಗಾಲ ನಮ್ಮ ಕಡೆ ಎಂದೂ ಇಲ್ಲದ ಮಳೆ. ತೊರೆ ಉಕ್ಕಿ ಸೇತುವೆ ಮುಳುಗಿತು. ಒಂದು ಭಾನುವಾರ, ಊಟ ಮುಗಿದಿತ್ತು. ನೊರೀನ್ ಟೊಮೆಟೊ ಚಟ್ನಿ ಕುದಿಸುತ್ತಿದ್ದಳು. ಕಿಟಕಿಯ ಬಳಿ ಇಟ್ಟ ರೇಡಿಯೋ ಗರಗರ ಎಂದಿತು. ಮೊಬೈಲು ಸಿಗದ ನಮ್ಮ ಬಯಲಿನಲ್ಲಿ ಎಲ್ಲರ ಮನೆಯಲ್ಲೂ, ಗಾಡಿಯಲ್ಲೂ ಪರಸ್ಪರ ಮಾತಾಡಲು ಒಂದೊಂದು ಇಂಥ ರೇಡಿಯೋ ಇರುತ್ತದೆ.

"ಯಾರಾದ್ರೂ ಇದೀರಾ?"

ಕ್ಲೆಮ್‌ನ ಧ್ವನಿ. ತಂಗಿಯ ಹೆಸರು ಹಿಡಿದು ಕರೆಯಲು ಆಗಲೂ ಅವನಿಗೆ ಬಿಗುಮಾನ. ನೊರೀನ್ ಸೌಟು ಹಿಡಿದುಕೊಂಡೇ ಮೈಕು ಎತ್ತಿಕೊಂಡಳು.

"ನಾನಿದೀನಿ. ಏನು?"

"ಬೈಕು ಮಗುಚ್ಕೊಂಡು ಮೇಲೆ ಬಿದ್ದಿದೆ. ಹಳೇ ದೊಡ್ಡಿ ಕೆಳಗಿನ ಇಳಿಜಾರಲ್ಲಿ. ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ."

ಕ್ಲೆಮ್ ಓಡಿಸುವುದು ನಾಲ್ಕು ಗಾಲಿಯ ಬೈಕು, ಮೂರಾಳು ತೂಕದ್ದು. ನೊರೀನ್ ಮನೆಯ ಲ್ಯಾಂಡ್‌ಲೈನಿನಿಂದ ತುರ್ತು ಸೇವೆಗೆ ಫೋನು ಹಚ್ಚುವಷ್ಟರಲ್ಲಿ ನಾನು ಗಾಡಿ ಹತ್ತಿ ತೊರೆಯ ಕಡೆ ಓಡಿಸಿದ್ದೆ.

ಹೋಗಿ ನೋಡಿದರೆ ಆಚೆ ದಡ ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ. ನಡುವೆ ಕೆಂಪು ನೀರು, ಮರದ ಕೊಂಬೆಗಳನ್ನು ಹೊತ್ತುಕೊಂಡು ಹುಚ್ಚೆದ್ದು ಹರಿಯುತ್ತಿತ್ತು. ಇಳಿಜಾರಿನಲ್ಲಿ ಬೈಕು ಗಾಲಿಗಳನ್ನು ಮೇಲೆ ಮಾಡಿಕೊಂಡು ಬಿದ್ದಿತ್ತು. ಅದರಡಿಯಿಂದ ಕ್ಲೆಮ್‌ನ ತಲೆ, ಎದೆ, ರೇಡಿಯೋ ಹಿಡಿದ ಕೈ ಹೊರಗಿದ್ದವು. ನಾನು ಬೂಟು ಬಿಚ್ಚತೊಡಗಿದೆ.

ಗಾಡಿಯ ರೇಡಿಯೋದಲ್ಲಿ ನೊರೀನ್ ಗದರಿದಳು. "ಡೆಸ್, ನೀನೀಗ ಬೂಟು ಬಿಚ್ತಾ ಇರ್ತೀಯ, ನಂಗೊತ್ತು. ನೀರಿಗಿಳಿದ್ರೆ ನೋಡು. ಹೆಲಿಕಾಪ್ಟರ್ ಕಳಿಸ್ತಿದಾರೆ. ಇಬ್ಬರನ್ನ ಹುಡುಕೋ ಹಾಗೆ ಮಾಡ್ಬೇಡ."

ಬೂಟು ಮತ್ತೆ ಹಾಕಿಕೊಂಡೆ. ಅಷ್ಟು ಹತ್ತಿರದಲ್ಲಿ ಒಬ್ಬ ಮನುಷ್ಯ ನರಳುತ್ತಿರುವಾಗ ದಡದಲ್ಲಿ ಕೈಕಟ್ಟಿ ನಿಲ್ಲುವುದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ.

"ಕ್ಲೆಮ್, ಹೆಲಿಕಾಪ್ಟರ್ ಹೊರಟಿದೆ," ಎಂದಳು ನೊರೀನ್. "ಅವರು ಬರೋವರೆಗೂ ನೀನು ಎಚ್ಚರವಾಗಿರ್ಬೇಕಂತೆ. ಮಾತಾಡ್ತಾ ಇರು."

"ಏನು ಮಾತಾಡ್ಲಿ? ನಿದ್ದೆ ಬರ್ತಿದೆ ನೋರಿ. ಚಳಿ ಕೂಡ ಹೋಯ್ತು."

ಬಿಗುಮಾನ ಬಿಟ್ಟು ನೋರಿ ಎಂದು ಕರೆದನೆಂದರೆ ಅವನ ಸ್ಥಿತಿ ಕೆಟ್ಟಿದೆ ಎಂದು ತಿಳಿಯಿತು. ಅದು ಅವಳ ಚಿಕ್ಕಂದಿನ ಹೆಸರು. ಆಮೇಲೆ ಬಂದದ್ದು ನೊರೀನ್‌ಳ ಶುಕ್ರವಾರ ಸಂಜೆಯ ಧ್ವನಿ, ಕ್ಲಬ್ಬಿನ ಗದ್ದಲವನ್ನು ಅಡಗಿಸುವ ಧ್ವನಿ.

"ಸರಿ. ಕೊನೇ ಸುತ್ತು. ಅಕ್ಷರ ನೀನೇ ಹೇಳು."

"ಈಗಾ? ನಿಂಗೆ ತಲೆ ಕೆಟ್ಟಿದೆಯಾ?"

"ಅಕ್ಷರ."

"ಕ. ಕ್ಲೆಮ್‌ನ ಕ."

"ನೈಲ್ ನದಿ ದಂಡೆ ಮೇಲಿರೋ ರಾಜಧಾನಿ?"

ತಡವಾಗಿ ಉತ್ತರ ಬಂತು. "ಕೈರೋ. ಖಾರ್ಟೂಮ್ ಕೂಡ ನೈಲ್ ಮೇಲೇ ಇದೆ. ಪ್ರಶ್ನೆ ಸರಿಯಾಗಿ ಕೇಳು."

"ಅದರ ಅಕ್ಷರ ಬೇರೆ. ಸುಮ್ನೆ ತಕರಾರು ತೆಗೀಬೇಡ. ಅತಿ ಉದ್ದದ ಕರಾವಳಿ ಇರೋ ದೇಶ?"

"ಕೆನಡಾ."

"ಎಲುಬು ಗಟ್ಟಿಯಾಗಿರೋಕೆ ಏನು ಬೇಕು?"

"ಕ್ಯಾಲ್ಸಿಯಂ. ನಂಗಿನ್ನೊಂದು ಸ್ವಲ್ಪ ಜಾಸ್ತಿ ಇರ್ಬೇಕಿತ್ತು."

ಅವನು ಹಾಗೆಂದಾಗ ನಾನು ಒಬ್ಬನೇ ದಡದಲ್ಲಿ ನಿಂತು ಗಟ್ಟಿಯಾಗಿ ನಕ್ಕೆ. ಆದರೆ ಒಂದೊಂದು ಉತ್ತರಕ್ಕೂ ಅವನು ಹೆಚ್ಚು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದ. ಡೆನ್ಮಾರ್ಕಿನ ರಾಜಧಾನಿ ಎಂದಾಗ ಏನೂ ಬರಲಿಲ್ಲ. ರೇಡಿಯೋ ಹಿಡಿದ ಅವನ ಕೈ ಎದೆಯ ಮೇಲೆ ಜಾರಿತು.

"ನೊರೀನ್, ಕೈ ಕೆಳಗೆ ಬಿತ್ತು," ಎಂದೆ.

"ಕ್ಲೆಮ್! ಡೆನ್ಮಾರ್ಕ್! ಗೊತ್ತಿಲ್ವಾ? ನಾನೇ ಹೇಳ್ತೀನಿ ಕೇಳು. ಕ್ರಿಸ್ಟಿಯಾನಿಯಾ. ನಿಂಗೆ ಸೊನ್ನೆ."

ಕೊನೆಗೂ ಕ್ಲೆಮ್‌ನ ಕೈ ಒಂದಿಷ್ಟು ಅಲುಗಿತು. ಎದೆಯ ಮೇಲೆ ತಡಕಿ ತಡಕಿ ರೇಡಿಯೋ ಹಿಡಿಯಿತು.

"ಏನಂದೆ?"

"ಕ್ರಿಸ್ಟಿಯಾನಿಯಾ."

"ಅದು ಓಸ್ಲೋದ ಹಳೇ ಹೆಸರು ಕಣೆ! ನಾರ್ವೆ! ಡೆನ್ಮಾರ್ಕಿಂದು ಕೋಪನ್‌ಹೇಗನ್! ಸ್ಕೂಲಲ್ಲಿ ಮೇಷ್ಟರು ನಿಂಗೆ ಇದನ್ನೇ ಹೇಳ್ಕೊಟ್ಟಿದ್ದಾ?"

"ನನ್ನ ಹಾಳೇಲಿ ಹೀಗೇ ಇದೆ."

"ಹಾಳೆ ಒಲೆಗೆ ಹಾಕು!"

"ಕೂಗಾಡ್ಬೇಡ, ಅಂಕ ಕಳೀತೀನಿ. ಮುಂದಿನ ಪ್ರಶ್ನೆ. ದಕ್ಷಿಣ ಧ್ರುವ ಮೊದಲು ಮುಟ್ಟಿದವನು ಕ್ಯಾಪ್ಟನ್ ಕುಕ್. ಸರಿಯಾ?"

"ಅಯ್ಯೋ ದೇವರೇ! ಅಮುಂಡ್ಸೆನ್! ಕುಕ್ ಸತ್ತು ನೂರು ವರ್ಷಕ್ಕೂ ಮೇಲಾಗಿತ್ತು! ಇಂಥವಳ ಕೈಗೆ ಮೈಕು ಕೊಟ್ಟವರು ಯಾರು?"

"ಪೆನಿಸಿಲಿನ್ ಕಂಡುಹಿಡಿದಿದ್ದು ಮೇಡಂ ಕ್ಯೂರಿ."

"ಫ್ಲೆಮಿಂಗ್! ಫ್ಲೆಮಿಂಗ್ ಕಣೆ ದಡ್ಡಿ!"

ಈಚೆ ದಡದಿಂದಲೂ ಅವನ ಮುಖಕ್ಕೆ ರಕ್ತ ಏರಿದ್ದು ಕಾಣುತ್ತಿತ್ತೆಂದರೆ ನಂಬಿ. ಸಿಲೋನಿನ ಈಗಿನ ಹೆಸರು ಕೊಲಂಬೊ ಎಂದಳು. ಅವನು ಬೈದ. ಚಂದ್ರನ ಮೇಲೆ ಮೊದಲು ನಡೆದವನು ಕೊಲಂಬಸ್ ಎಂದಾಗ ಅವನು ಇನ್ನಷ್ಟು ಕೆರಳಿದ. ನಿನ್ನ ಮೇಲೆ ಕ್ಲಬ್ಬಿಗೆ ದೂರು ಕೊಡುತ್ತೇನೆ, ನಾಳೆಯೇ ಕೊಡುತ್ತೇನೆ ಎಂದು ತೊದಲಿದ.

"ಕೊಡು. ನಾಳೆ ಬಂದು ಕೊಡು," ಎಂದಳು ನೊರೀನ್.

ಹೆಲಿಕಾಪ್ಟರು ಪೂರ್ವದ ಗುಡ್ಡದ ಮೇಲೆ ಕಾಣಿಸಿದಾಗ ನಾನು ಗಾಡಿಯ ಮೇಲೆ ಹತ್ತಿ ಕಿತ್ತಳೆ ಬಣ್ಣದ ಮಳೆಯಂಗಿ ಬೀಸಿದೆ. ಅದು ಆಚೆ ದಡದಲ್ಲಿ ಇಳಿಯಿತು. ಮೂವರು ಓಡಿಬಂದರು. ಅವರು ಅವನಿಗೆ ಸೂಜಿ ಚುಚ್ಚಿ, ಏನೇನೋ ಕಟ್ಟಿ, ನಿಧಾನಕ್ಕೆ ಬೈಕು ಎತ್ತುವುದನ್ನು ಗಾಡಿಯ ಮೇಲಿಂದಲೇ ನೋಡಿದೆ. ಬಳಿಕ ರೇಡಿಯೋದಲ್ಲಿ ಅವರಲ್ಲೊಬ್ಬ ಹುಡುಗಿಯ ಧ್ವನಿ ಬಂತು. "ಆ ಕಡೆಯಿಂದ ಮಾತಾಡ್ತಿರೋದು ಯಾರು?"

"ನಾನು ಅವನ ತಂಗಿ."

"ಮೇಡಂ, ಇವರ ನಾಡಿ ಪರವಾಗಿಲ್ಲ, ಪ್ರಜ್ಞೆ ಚೆನ್ನಾಗಿದೆ. ಕಾಲು ಮುರಿದಿದೆ, ಸೊಂಟಕ್ಕೂ ಪೆಟ್ಟಾಗಿರ್ಬಹುದು, ಆದ್ರೆ ಉಳ್ಕೋತಾರೆ. ಒಂದೇ ವಿಷ್ಯ, ನಿಮ್ಮ ಮೇಲೆ ಭಾರೀ ಸಿಟ್ಟಲ್ಲಿದಾರೆ. ಚಂದ್ರನ ಮೇಲೆ ಯಾರು ನಡೆದಿದ್ದು ಅಂತ ನನ್ನ ಹತ್ರ ಸಾಕ್ಷಿ ಕೇಳ್ತಿದಾರೆ."

"ಆರ್ಮ್‌ಸ್ಟ್ರಾಂಗ್ ಅಂತ ಹೇಳಮ್ಮ," ಎಂದಳು ನೊರೀನ್. "ಅವನು ಹೇಳಿದ್ದೇ ಸರಿ ಅಂತ ಹೇಳು. ಎಲ್ಲಾ ಅವನು ಹೇಳಿದ್ದೇ ಸರಿ."

ನಾನು ಮನೆಗೆ ಬಂದಾಗ ಚಟ್ನಿ ಸೀದು ಕರಿಬಣ್ಣಕ್ಕೆ ತಿರುಗಿತ್ತು, ಮನೆ ತುಂಬ ಹೊಗೆ. ನೊರೀನ್ ಕಿಟಕಿಯ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಸೌಟು ಇನ್ನೂ ಕೈಯಲ್ಲೇ ಇತ್ತು. ಪಕ್ಕದಲ್ಲಿ ಕುಳಿತೆ.

"ಭಾರೀ ಉಪಾಯ ಮಾಡಿದೆ ಕಣೆ," ಎಂದೆ. "ತಪ್ಪು ಹೇಳಿದ್ರೆ ಅವನು ಸತ್ತರೂ ಎದ್ದು ಕೂರ್ತಾನೆ ಅಂತ ಹೊಳೀತಲ್ಲ."

ಅವಳು ತಲೆಯಾಡಿಸಿದಳು. "ಮೊದಲನೇದು ಉಪಾಯ ಅಲ್ಲ ಡೆಸ್. ನಂಗೆ ನಿಜವಾಗ್ಲೂ ಮರೆತೋಯ್ತು. ಕೋಪನ್‌ಹೇಗನ್ ಅನ್ನೋ ಹೆಸರೇ ಬರಲಿಲ್ಲ. ಹೆದರಿಕೇಲಿ ತಲೆ ಪೂರ್ತಿ ಖಾಲಿ. ಬಾಯಿಗೆ ಬಂದಿದ್ದು ಹೇಳ್ದೆ. ಅವನು ಯಾವಾಗ ಕೂಗಿದನೋ, ಆಗ ಗೊತ್ತಾಯ್ತು ಇದೇ ದಾರಿ ಅಂತ." ಆಮೇಲೆ ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಅಳು ಬಂತು. ಸೀದ ಪಾತ್ರೆಯನ್ನು ನಾನೇ ಉಜ್ಜಿದೆ.

ರಸ್ತೆ ತೆರೆದ ದಿನವೇ ಡಬ್ಬೋಗೆ ಹೋದೆವು. ಕ್ಲೆಮ್ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲನ್ನು ತೂಗುಹಾಕಿಸಿಕೊಂಡು ಮಲಗಿದ್ದ. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಬಾಗಿಲಲ್ಲಿ ನೊರೀನ್ ನಿಂತುಬಿಟ್ಟಳು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹೊಟ್ಟೆಗೆ ಏನಾದ್ರೂ ತಂದಿದೀಯಾ?" ಎಂದ ಕ್ಲೆಮ್. "ಇಲ್ಲಿ ಕೊಡೋದು ನಾಯಿ ಕೂಡ ಮೂಸಲ್ಲ."

ಅವಳು ಚೀಲದಿಂದ ಕುರಿಮಾಂಸದ ಸ್ಯಾಂಡ್‌ವಿಚ್ ತೆಗೆದಳು. ಅವನು ತಿಂದು ಮುಗಿಸಿದ ಮೇಲೆ ಬಿಸಿನೀರು, ಸೋಪು ತರಿಸಿ ಗಡ್ಡ ಬೋಳಿಸಲು ಕುಳಿತಳು. ಅವನು ಗದ್ದ ಎತ್ತಿಕೊಟ್ಟು ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ತೆರೆಯದೆಯೇ ಹೇಳಿದ. "ಕೊನೆಕೊನೆಗೆ ಬೇಕಂತಲೇ ತಪ್ಪು ಹೇಳ್ತಿದೀಯ ಅಂತ ನಂಗೆ ಗೊತ್ತಾಗಿತ್ತು."

"ಯಾವಾಗ ಗೊತ್ತಾಯ್ತು?"

"ಕೊಲಂಬಸ್ ಬಂದಾಗ. ನೀನು ಅಷ್ಟು ದಡ್ಡಿ ಅಲ್ಲ."

"ಗೊತ್ತಾದ ಮೇಲೂ ಯಾಕೆ ಕೂಗಾಡ್ತಿದ್ದೆ?"

"ನಾನು ನಿಲ್ಲಿಸಿದ್ರೆ ನೀನು ಹೆದರ್ತಿದ್ದೆ," ಎಂದ ಅವನು.

ನೊರೀನ್ ಕ್ಷೌರದ ಕತ್ತಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟಳು. ಆಮೇಲೆ ಇನ್ನೊಂದು ಕೆನ್ನೆಯನ್ನು ಜೋಪಾನವಾಗಿ ಬೋಳಿಸಿದಳು.

ವಾಪಸು ಬರುವಾಗ ದಾರಿಯ ಬೇಕರಿಯಲ್ಲಿ ಮಾಂಸ ತುಂಬಿದ ಎರಡು ಬಿಸಿ ಪೈ ಕೊಂಡೆವು. ತನ್ನದನ್ನು ಅರ್ಧ ತಿನ್ನುವಷ್ಟರಲ್ಲೇ ಅವಳಿಗೆ ನಿದ್ದೆ ಬಂತು. ಆ ಭಾನುವಾರದಿಂದ ಅವಳು ಸರಿಯಾಗಿ ಮಲಗಿರಲಿಲ್ಲ. ತಲೆ ಕಿಟಕಿಗೆ ಆನಿಸಿ, ಬಾಯಿ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಅವಳ ಮಡಿಲಿಂದ ಪೈ ತೆಗೆದು ನಾನೇ ತಿಂದು ಮುಗಿಸಿದೆ. ರಸ್ತೆಯ ಎರಡೂ ಕಡೆ ಹೊಸ ಹುಲ್ಲು ಎದ್ದಿತ್ತು. ಗುಂಡಿಗಳು ಸಿಕ್ಕಲ್ಲೆಲ್ಲ ವೇಗ ಇಳಿಸಿ, ಅವಳಿಗೆ ಎಚ್ಚರವಾಗದ ಹಾಗೆ ಮನೆಯವರೆಗೆ ಓಡಿಸಿದೆ.