ಎಣ್ಣೆ ಹೋದ ದಾರಿ

ಲಿಫ್ಟ್ ರಿಪೇರಿ ಮಾಡುವ ಅವನನ್ನು ಜೊತೆ ಕೆಲಸದವರೆಲ್ಲ ‘ಯಾಕಣ್ಣ’ ಎಂದೇ ಕರೆಯುತ್ತಿದ್ದರು. ಯಾವ ಮಾತಿಗೂ ‘ಯಾಕೆ?’ ಎನ್ನದೆ ಬಿಟ್ಟವನಲ್ಲ. ಪ್ರಶ್ನೆಗಳ ಜೊತೆಗೆ ಹೊಟ್ಟೆಯೂ ಬೆಳೆದಿತ್ತು. ಒಂದು ದಿನ ಲಿಫ್ಟಿನ ನೆತ್ತಿಯ ಕಿಂಡಿಯಲ್ಲಿ ತೂರಲು ಹೋಗಿ ಸೊಂಟದ ಹತ್ತಿರ ಸಿಕ್ಕಿಕೊಂಡ. ಜೊತೆಗಾರ ಕೆಳಗಿನಿಂದ ಕಾಲು ಹಿಡಿದು ಜಗ್ಗಿದಾಗ ಮೊದಲು ಪ್ಯಾಂಟು ಬಂತು, ಆಮೇಲೆ ಅವನು. ಸುದ್ದಿ ಕೇಳಿ ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗು ನಿಂತ ಮೇಲೆ ಅವನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು.

ಡಾಕ್ಟರಮ್ಮ ತೂಕ ನೋಡಿದರು, ರಕ್ತದ ರಿಪೋರ್ಟು ನೋಡಿದರು, ಹೇಗೆ ತಿನ್ನಬೇಕೆಂದು ಹೇಳಿ ಊಟದ ಜೊತೆ ತೆಗೆದುಕೊಳ್ಳಲು ಒಂದು ಮಾತ್ರೆಯನ್ನೂ ಬರೆದರು.

“ಇದು ಹೊಟ್ಟೇಲಿರೋ ಕೊಬ್ಬು ಕರಗಿಸುತ್ತಾ ಮೇಡಂ?”

“ಇಲ್ಲ. ಮೈಗೆ ಅಂಟಿಕೊಂಡಿರೋದನ್ನ ಅದು ಮುಟ್ಟೋದೇ ಇಲ್ಲ. ತಟ್ಟೆಯಿಂದ ಹೊಸದಾಗಿ ಬರೋದನ್ನ ಒಂಚೂರು ತಡೆಯುತ್ತೆ, ಅಷ್ಟೇ.”

“ಹೇಗೆ?”

ಇದು ಬೇಗ ಮುಗಿಯುವ ಮಾತಲ್ಲವೆಂದು ಹೆಂಡತಿ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟಳು.

“ತಿಂದ ಕೊಬ್ಬು ಇದ್ದ ಹಾಗೇ ಮೈಗೆ ಹತ್ತಲ್ಲ. ಹೊಟ್ಟೆ, ಕರುಳಲ್ಲಿರೋ ರಸ ಅದನ್ನ ಚೂರುಚೂರು ಮಾಡಬೇಕು. ಈ ಮಾತ್ರೆ ಆ ರಸದ ಕೈ ಕಟ್ಟಿ ಹಾಕುತ್ತೆ. ಸುಮಾರು ಮೂರರಲ್ಲೊಂದು ಪಾಲು ಅರಗದೆ ಹೊರಗೆ ಹೋಗಿಬಿಡುತ್ತೆ.”

“ಉಳಿದ ಎರಡು ಪಾಲು?”

“ಅದು ನಿಮ್ಮದೇ. ಅದಕ್ಕೇ ಎಣ್ಣೆ, ಬೆಣ್ಣೆ ಕಮ್ಮಿ ಮಾಡಿ ಅಂದಿದ್ದು. ಮಾತ್ರೆ ನುಂಗಿ ಕರಿದದ್ದು ತಿಂದ್ರೆ ಹೊಟ್ಟೆ ನಿಮ್ಮ ಮಾತು ಕೇಳಲ್ಲ. ಆಮೇಲೆ ನನ್ನ ಬೈಬೇಡಿ.”

ಬೇಡ ಎಂದದ್ದು ಅವನ ಕಿವಿಗೆ ಬಾ ಎಂದಂತೆ ಕೇಳಿಸಿತು. ಆದರೂ ಒಂದು ವಾರ ಹೇಳಿದಂತೆ ತಿಂದ. ಏನೂ ಆಗಲಿಲ್ಲ. ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬ ಹುಳ ತಲೆಯೊಳಗೆ ಕೊರೆಯತೊಡಗಿತು. ಒಂದು ಮಧ್ಯಾಹ್ನ ಜೊತೆಗಾರನ ಜೊತೆ ಹೋಟೆಲಿಗೆ ಹೋಗಿ ಕರಿದ ಕೋಳಿ, ಕರಿದ ಆಲೂಗಡ್ಡೆ ತರಿಸಿಕೊಂಡು, ಒಂದಕ್ಕೆ ಎರಡಿರಲಿ ಎಂದು ಎರಡು ಮಾತ್ರೆ ನುಂಗಿದ. ಸಂಜೆಯವರೆಗೂ ಹೊಟ್ಟೆ ಸುಮ್ಮನಿತ್ತು.

“ಟುಸ್ ಪಟಾಕಿ ಕಣೇ,” ಎಂದ ಹೆಂಡತಿಗೆ, ಬೇಸರದಿಂದ.

ಮಾರನೆಯ ದಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಒಬ್ಬ ಅಜ್ಜಿ. ಜೊತೆಗಾರ ಮೇಲಿನ ಮೆಷಿನ್ ರೂಮಿನಲ್ಲಿ ಚಕ್ರ ತಿರುಗಿಸುತ್ತ ಲಿಫ್ಟನ್ನು ಇಂಚಿಂಚಾಗಿ ಇಳಿಸುತ್ತಿದ್ದ. ಯಾಕಣ್ಣ ಬಾಗಿಲ ಬಳಿ ನಿಂತು ಫೋನಿನಲ್ಲಿ ಅವನಿಗೆ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎನ್ನುತ್ತಿದ್ದ. ಆಗ ಹೊಟ್ಟೆಯೊಳಗೆ ಗುಡುಗಿತು.

“ಹೆದರಬೇಡಿ ಅಜ್ಜಿ, ಈಗ ಬಂದುಬಿಡ್ತೀರ,” ಎಂದ, ಬೆವರುತ್ತ.

“ನಾನೆಲ್ಲಪ್ಪ ಹೆದರಿದೀನಿ? ನಿನ್ನ ದನೀನೇ ನಡುಗ್ತಾ ಇದೆ!”

ಇನ್ನೊಬ್ಬರನ್ನು ಬಿಟ್ಟು ಓಡುವಂತಿಲ್ಲ. ಕಾಲಿಗೆ ಕಾಲು ಹೆಣೆದು, ಹಲ್ಲು ಕಚ್ಚಿ ನಿಂತ. ಬಾಗಿಲು ತೆರೆದು ಅಜ್ಜಿ ಹೊರಗೆ ಕಾಲಿಟ್ಟದ್ದೇ ತಡ, “ಅಜ್ಜಿ, ನಿಮ್ಮನೆ ಬಾತ್‌ರೂಮು…” ಎಂದ. ಮುಖ ನೋಡಿಯೇ ಅರ್ಥವಾಗಿ ಅವಳು ಮರುಮಾತಿಲ್ಲದೆ ಎದುರಿಗಿದ್ದ ತನ್ನ ಮನೆಯ ಬೀಗ ತೆಗೆದಳು.

ಮಾನ ಕೂದಲೆಳೆಯಲ್ಲಿ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಕಣ್ಣುಮುಚ್ಚಿ ನೀರು ಬಿಟ್ಟು ಬರುತ್ತಿದ್ದರು. ಇವನು ಬಗ್ಗಿ ನೋಡಿದ. ನೀರಿನ ಮೇಲೆ ಕಿತ್ತಳೆ ಬಣ್ಣದ ಎಣ್ಣೆ, ಪುಟ್ಟ ಪುಟ್ಟ ಬಿಲ್ಲೆಗಳಾಗಿ, ತಟ್ಟೆಯಲ್ಲಿ ಇದ್ದಂತೆಯೇ ತೇಲುತ್ತಿತ್ತು. ನಾಚಿಕೆಯೆಲ್ಲ ಮರೆತುಹೋಯಿತು. ತನ್ನದಾಗಬೇಕಿದ್ದದ್ದು ತನ್ನೊಳಗಿಂದಲೇ ಹಾದು, ತನ್ನನ್ನು ಮುಟ್ಟದೆ ಹೋಗಿತ್ತು! ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದ.

“ಕೆಲಸ ಮಾಡುತ್ತೆ ಕಣೇ! ಕಣ್ಣಾರೆ ನೋಡ್ದೆ!”

“ರೀ, ಊಟಕ್ಕೆ ಕೂತಿದೀನಿ. ಇಡ್ರೀ ಫೋನು!”

ಕೇಳಿದವರೆಲ್ಲ ನಕ್ಕರು. ಮುಂದಿನ ಸಲ ಹೋಗಿ ಹೇಳಿದಾಗ ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಎರಡು ನುಂಗಿದ್ರೆ ಎರಡರಷ್ಟು ತಡೆಯಲ್ಲ. ಇನ್ನೊಂದ್ಸಲ ಹೀಗೆ ಮಾಡಬೇಡಿ,” ಎಂದು ಗದರಿದರು. ಕೊಬ್ಬಿನ ಜೊತೆ ಕೆಲವು ವಿಟಮಿನ್‌ಗಳೂ ಜಾರಿಹೋಗುತ್ತವೆಂದು, ಮಲಗುವಾಗ ನುಂಗಲು ಇನ್ನೊಂದು ಮಾತ್ರೆ ಕೊಟ್ಟರು.

ಅಂದಿನಿಂದ ಕರಿದದ್ದು ಕಂಡರೆ ಅವನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಮಾತ್ರೆಗಿಂತ ಆ ಹೆದರಿಕೆಯೇ ಹೆಚ್ಚು ಕೆಲಸ ಮಾಡಿತು ಎನ್ನುತ್ತಾಳೆ ಹೆಂಡತಿ. ತೂಕ ಗಡಿಬಿಡಿಯಿಲ್ಲದೆ ಇಳಿಯಿತು. ಕೆಲವು ತಿಂಗಳಾದ ಮೇಲೆ ಬೆಲ್ಟಿಗೆ ಹೊಸ ತೂತು ಕೊರೆಸಿದ. ಆಗ ಅವನಿಗೆ ಮತ್ತೊಂದು ಪ್ರಶ್ನೆ ಹುಟ್ಟಿತು.

“ಮೇಡಂ, ತಟ್ಟೆಯ ಎಣ್ಣೆ ಹೋದ ದಾರಿ ಗೊತ್ತಾಯ್ತು. ಆದರೆ ಮೈಯಲ್ಲಿದ್ದ ಹಳೇ ಕೊಬ್ಬು ಇಳೀತಲ್ಲ, ಅದು ಯಾವ ಕಡೆಯಿಂದ ಹೋಯ್ತು?”

“ಮೈ ಅದನ್ನ ಉರುವಲು ಮಾಡಿಕೊಳ್ಳುತ್ತೆ. ಉರಿದದ್ದರಲ್ಲಿ ಬಹುಪಾಲು ಉಸಿರಲ್ಲಿ ಹೋಗುತ್ತೆ.”

“ಉಸಿರಲ್ಲೇ?”

“ಹೂಂ. ಗಾಳಿಯಾಗಿ.”

ಅವನು ಆಸ್ಪತ್ರೆಯ ಮೆಟ್ಟಿಲಿಳಿದು ಬಂದು, ಹೆಂಡತಿ ಕರೆಯುತ್ತಿದ್ದರೂ ಕೇಳದೆ, ಬೀದಿಯಲ್ಲಿ ನಿಂತು ಬಾಯಿ ತೆರೆದು ನಿಧಾನವಾಗಿ ಉಸಿರು ಬಿಟ್ಟ. ಏನಾದರೂ ಕಂಡೀತೇ ಎಂದು ನೋಡುತ್ತಾ ನಿಂತ.